ಕಟ್ಟಿದವರೂ ಒಕ್ಕಲಿದ್ದವರೂ

ಶತಮಾನೋತ್ಸವದ ಈ ಸ್ಮರಣ ಸಂಚಿಕೆಗೆ ಒಂದು ಐತಿಹಾಸಿಕ ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿಕೊಂಡಾಗ, ನಮ್ಮ ಧರ್ಮಕೇಂದ್ರದ ಚರಿತ್ರೆಯನ್ನೇ ನಾನು ಬರೆಯುವೆನೆಂದು ಅವರು ನಿರೀಕ್ಷಿಸಿರಬೇಕು. ಆ ಕಾರ್ಯವನ್ನು ನನಗಿಂತ ಹಿರಿಯರೂ ಇಲ್ಲಿಯೇ ಹುಟ್ಟಿ ಬೆಳೆದವರೂ ಆದ ಮಹನೀಯರು ಇದೇ ಸಂಚಿಕೆಯ ಬೇರೆ ಪುಟಗಳಲ್ಲಿ ನೆರವೇರಿಸಿದ್ದಾರೆ. ವರ್ಗವಾಗಿ ಬಂದು ಕೆಲವು ವರ್ಷ ಇದ್ದು ಮತ್ತೆ ವರ್ಗವಾಗಿ ಹೋಗುವ ಗುರುವಿಗೆ ಒಂದು ಊರಿನ ಚರಿತ್ರೆಯನ್ನು ಹೇಳುವ ಅಧಿಕಾರ ಅಷ್ಟಾಗಿ ಇರುವುದಿಲ್ಲ. ಆದರೆ ನಮ್ಮಂಥವರು ಒಂದು ವಿಷಯವನ್ನು ಅನುಭವದಿಂದ ಬಲ್ಲೆವು: ಬೇರೆಯವರು ಕಟ್ಟಿದ ಮನೆಯಲ್ಲಿ ಒಕ್ಕಲಾಗಿ ಬಾಳುವುದು ಹೇಗೆಂಬುದನ್ನು. ಆದುದರಿಂದ ಈ ಸೀಮೆಯ ಹಳೆಯ ಕಟ್ಟಡಗಳಲ್ಲಿ ಕಾಲಕಾಲಕ್ಕೆ ಯಾರು ಯಾರು ಒಕ್ಕಲಿದ್ದರು, ಅವುಗಳ ಉಪಯೋಗ ಹೇಗೆ ಹೇಗೆ ಬದಲಾಯಿತು ಎಂಬುದನ್ನೇ ವಾಚಕರ ಮುಂದೆ ಇಡಬೇಕೆಂದು ಮಾಡಿದ್ದೇನೆ.

ಈ ವಿಚಾರವು ನನ್ನ ತಲೆಯಲ್ಲಿ ಹೊಕ್ಕದ್ದು ಒಬ್ಬ ಹುಡುಗನಿಂದ. ಕೆಲವು ವರ್ಷಗಳ ಹಿಂದೆ ಧರ್ಮೋಪದೇಶ ತರಗತಿಯ ಮಕ್ಕಳನ್ನು ಕರೆದುಕೊಂಡು ಐಹೊಳೆಗೆ ಹೋಗಿದ್ದೆ. ಕೆರೂರಿನಿಂದ ಬಾದಾಮಿ, ಪಟ್ಟದಕಲ್ಲುಗಳನ್ನು ನೋಡಿಕೊಂಡು ಐಹೊಳೆಯನ್ನು ಮುಟ್ಟುವಾಗ ಮಧ್ಯಾಹ್ನ ಮೀರಿತ್ತು. ಅಲ್ಲಿಯ ಫಲಕವೊಂದನ್ನು ಗಟ್ಟಿಯಾಗಿ ಓದಿ, ಆರನೆಯ ಇಯತ್ತೆಯ ಒಬ್ಬ ಹುಡುಗ ಕೇಳಿದ:

“ಫಾದರ್, ಲಾಡಖಾನ ಅಂದ್ರ ಯಾವ ದೇವ್ರು ರೀ?”

“ದೇವರಲ್ಲೋ ತಮ್ಮಾ, ಒಂದಾನೊಂದು ಕಾಲಕ್ಕ ಈ ಗುಡಿಯೊಳಗ ವಾಸ ಇದ್ದಾಂವ.”

“ಮತ್ತ ಕಟ್ಟಿದಾಂವನ ಹೆಸರು ಯಾಕ ಇಟ್ಟಿಲ್ರಿ?”

ಗುರುಮಠದಲ್ಲಿ ಎಂಟು ವರ್ಷ ತತ್ತ್ವಶಾಸ್ತ್ರ, ದೈವಶಾಸ್ತ್ರಗಳನ್ನು ಓದಿದ ನನಗೆ ಆ ಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. ಮಕ್ಕಳಿಗೆ ಬುತ್ತಿ ಬಿಚ್ಚಲು ಹೇಳಿ ಪಾರಾದೆ.

ಹುನಗುಂದದ ಸೀಮೆಯಲ್ಲಿ, ಮಲಪ್ರಭೆಯ ದಂಡೆಯ ಮೇಲಿರುವ ಈ ಐಹೊಳೆಯು ಚಾಲುಕ್ಯರ ಕಾಲಕ್ಕೆ ಹಿರಿಯ ಪಟ್ಟಣವಾಗಿತ್ತು. ಅಯ್ಯಾವೊಳೆಯ ಐನೂರ್ವರೆಂಬ ವರ್ತಕ ಸಂಘವು ಈ ಊರಿನ ಹೆಸರನ್ನು ದಕ್ಷಿಣ ಭಾರತದಲ್ಲೆಲ್ಲ ಪ್ರಸಿದ್ಧಿಗೊಳಿಸಿತು. ನೂರಕ್ಕೂ ಮಿಕ್ಕಿ ಗುಡಿಗಳಿರುವ ಈ ಊರಿನಲ್ಲಿ ಗುಡಿಗಳ ಹೆಸರುಗಳನ್ನು ಸುಮ್ಮನೆ ಒಂದು ಸಲ ಓದಿ ನೋಡಬೇಕು. ಗೌಡರ ಗುಡಿ, ಬಡಿಗೇರ ಗುಡಿ, ಅಂಬಿಗೇರ ಗುಡಿ, ಹುಚ್ಚಪ್ಪಯ್ಯನ ಮಠ, ಹುಚ್ಚಿಮಲ್ಲಿ ಗುಡಿ, ಚರಂತಿಮಠ. ಮದ್ದಿನ ಗುಡಿ ಎಂಬುದೂ ಒಂದುಂಟು. ಮದ್ದೆಂದರೆ ಔಷಧವೋ ಸಿಡಿಮದ್ದೋ ಎಂದು ಕೇಳಿದರೆ ಊರವರು ನಗುತ್ತಾರೆ. ಇವುಗಳಲ್ಲಿ ಎಷ್ಟು ಹೆಸರುಗಳು ಅರಸರವು? ಎಷ್ಟು ಕಟ್ಟಿಸಿದವರವು? ಇಮ್ಮಡಿ ಪುಲಿಕೇಶಿಯ ಹೆಸರಿನ ಗುಡಿಯಿಲ್ಲ, ವಿಕ್ರಮಾದಿತ್ಯನ ಹೆಸರಿನದೂ ಇಲ್ಲ. ರಾಜ್ಯಗಳು ಅಳಿದ ಮೇಲೆ, ಗರ್ಭಗುಡಿಗಳಲ್ಲಿ ದೀಪ ನಂದಿದ ಮೇಲೆ, ಬಿಸಿಲು ಮಳೆಗಳಿಂದ ಮಕ್ಕಳುಮರಿಗಳನ್ನು ಕಾಪಾಡಿಕೊಳ್ಳಲು ಈ ಕಲ್ಲಿನ ಮಾಡುಗಳ ಕೆಳಗೆ ಬಂದು ಸೇರಿದ ಸಾಮಾನ್ಯರ, ಪಕ್ಕದಲ್ಲಿ ಮನೆಮಾಡಿಕೊಂಡವರ ಹೆಸರುಗಳು ಅವುಗಳಿಗೆ ಅಂಟಿಕೊಂಡಿವೆ. ಬಾದಾಮಿಯ ಬೆಟ್ಟದ ಮೇಲಿನ ಅತಿ ಸುಂದರವಾದ ಶಿವಾಲಯವನ್ನು ಜನರು ಇಂದಿಗೂ ಹೂಮಾಲೆ ಕಟ್ಟುವ ಒಬ್ಬ ಹೆಣ್ಣುಮಗಳ ಹೆಸರಿನಿಂದ ಮಾಲೆಗಿತ್ತಿ ಶಿವಾಲಯವೆಂದೇ ಕರೆಯುತ್ತಾರೆ.

ಲಾಡಖಾನನ ಗುಡಿಯನ್ನು ಸ್ವಲ್ಪ ನಿಂತು ನೋಡಬೇಕು. ಮುಂದೆ ಕಂಬಗಳ ಮುಖಮಂಟಪ; ಒಳಗೆ ಚೌಕಾಕಾರದ ಸಭಾಮಂಟಪ; ನಡುವೆ ನಂದಿ; ಗೋಡೆಗಳಲ್ಲಿ ಬೆಳಕಿಗಾಗಿ ಕೊರೆದ ಕಲ್ಲಿನ ಜಾಲಂಧ್ರಗಳು. ಮಾಡಿನ ಚಪ್ಪಡಿಗಳು ಇಳಿಜಾರಾಗಿವೆ. ಅವುಗಳ ಸಂದುಗಳ ಮೇಲೆ ಮರದ ತೊಲೆಗಳಂತೆ ಕಾಣುವ ಉದ್ದನೆಯ ಕಲ್ಲಿನ ಪಟ್ಟಿಗಳನ್ನು ಹೊದಿಸಿದ್ದಾರೆ. ಕಟ್ಟಿಗೆಯಲ್ಲಿ ಮನೆ ಕಟ್ಟಿ ಅಭ್ಯಾಸವಿದ್ದ ಕೈಗಳು ಕಲ್ಲಿನಲ್ಲಿಯೂ ಅದೇ ಮನೆಯನ್ನು ಕಟ್ಟಿದವೆಂಬುದು ನೋಡಿದ ಕೂಡಲೆ ತಿಳಿಯುತ್ತದೆ. ಗರ್ಭಗುಡಿಯಾದರೋ ಬೇರೆ ಗುಡಿಗಳಲ್ಲಿದ್ದಂತೆ ಮಂಟಪದಾಚೆಗೆ ಇಲ್ಲ. ಮಂಟಪದೊಳಗೇ ಹಿಂದಿನ ಗೋಡೆಗೆ ಆನಿಸಿ ಇಟ್ಟಂತಿದೆ. ಇದನ್ನು ಕಂಡು ಕೆಲವು ವಿದ್ವಾಂಸರು, ಈ ಕಟ್ಟಡವು ಮೊದಲು ಊರ ಹಿರಿಯರು ಕೂಡುವ ಸಭಾಗೃಹವಾಗಿದ್ದು ಆಮೇಲೆ ದೇವರ ಗುಡಿಯಾಗಿರಬೇಕೆಂದು ತರ್ಕಿಸಿದರು. ಇದನ್ನು ಒಪ್ಪದವರೂ ಇದ್ದಾರೆ. ಒಂದು ಕಾಲಕ್ಕೆ ಐದನೆಯ ಶತಮಾನದ್ದೆಂದು ಎಣಿಸಲಾಗಿದ್ದ ಈ ಗುಡಿಯನ್ನು ಈಗಿನ ವಿದ್ವಾಂಸರು ಏಳನೆಯ ಶತಮಾನದ ಕೊನೆ ಇಲ್ಲವೆ ಎಂಟನೆಯ ಶತಮಾನಕ್ಕೆ ಇಳಿಸಿದ್ದಾರೆ. ಆ ತರ್ಕವು ನಿಜವಾಗಿದ್ದರೆ, ಈ ಒಂದೇ ಮಾಡಿನ ಕೆಳಗೆ ಚಾವಡಿ, ದೇವಸ್ಥಾನ, ಒಬ್ಬ ಮುಸಲ್ಮಾನ ಗೃಹಸ್ಥನ ಮನೆ, ಕೊನೆಗೆ ಸರಕಾರದ ಸಂರಕ್ಷಿತ ಸ್ಮಾರಕ, ಹೀಗೆ ನಾಲ್ಕು ಬಾಳುವೆಗಳು ನಡೆದಂತಾಯಿತು.

ಸಮೀಪದಲ್ಲಿಯೇ ಇರುವ ದುರ್ಗದ ಗುಡಿಯದು ಇನ್ನೊಂದು ಕಥೆ. ಹಿಂಬದಿಯು ಗಜಪೃಷ್ಠದಂತೆ ದುಂಡಾಗಿರುವ ಈ ಗುಡಿಯ ಚಿತ್ರವನ್ನು ನೋಡದ ವಿದ್ಯಾರ್ಥಿಯಿರಲಾರ. ದುರ್ಗಾದೇವಿಯ ಗುಡಿಯೆಂದು ಬಹುಜನ ತಿಳಿದಿದ್ದಾರೆ. ವಾಸ್ತವದಲ್ಲಿ ಅದು ಆದಿತ್ಯನಿಗಾಗಿ, ಅಂದರೆ ಸೂರ್ಯನಿಗಾಗಿ, ಕೋಮಾರಸಿಂಗನೆಂಬವನು ಕಟ್ಟಿಸಿದ್ದೆಂದು ಶಾಸನದಿಂದ ತಿಳಿಯುತ್ತದೆ. ದುರ್ಗವೆಂದರೆ ಇಲ್ಲಿ ಕೋಟೆ. ಕಾದಾಟದ ದಿನಗಳಲ್ಲಿ ಯಾರೋ ಈ ಗುಡಿಯ ನೆತ್ತಿಯ ಮೇಲೆ ಒಡ್ಡುಗಲ್ಲುಗಳನ್ನು ಪೇರಿಸಿ ಕಾವಲಿನ ಠಾಣ್ಯವನ್ನು ಮಾಡಿಕೊಂಡರು. ದೇವರು ಹೋಗಿ ದುರ್ಗವಾಯಿತು. ಮುಂಬಯಿ ಸರಕಾರದ ಪರವಾಗಿ 1855ರ ಸುಮಾರಿಗೆ ಈ ಭಾಗದಲ್ಲಿ ಛಾಯಾಚಿತ್ರಗಳನ್ನು ತೆಗೆದ ಬಿಗ್ಸ್ ಎಂಬ ಸೈನ್ಯಾಧಿಕಾರಿಯು ಕಂಡದ್ದು ಇಂಥ ಐಹೊಳೆಯನ್ನು. 1874ರಲ್ಲಿ ಜೇಮ್ಸ್ ಬರ್ಜೆಸ್ ಬೆಳಗಾವಿ, ಕಲಾದಗಿ ಜಿಲ್ಲೆಗಳನ್ನು ಸುತ್ತಿ ಅಳೆದು ಬರೆದು ವರದಿಯನ್ನು ಪ್ರಕಟಿಸಿದ ಮೇಲೆ ಪಂಡಿತರ ಲಕ್ಷ್ಯ ಇತ್ತ ಹರಿಯಿತು. ಮುಂದೆ ಪುರಾತತ್ತ್ವ ಇಲಾಖೆಯವರು ಬಂದರು, ಒಡ್ಡುಗಲ್ಲುಗಳನ್ನು ತೆಗೆದರು, ಒಕ್ಕಲುಗಳನ್ನು ಎಬ್ಬಿಸಿದರು, ಹುಲ್ಲುಹಾಸನ್ನು ಬೆಳೆಸಿ ಬೇಲಿ ಹಾಕಿದರು. ಅವರು ಮಾಡಿದ ಉಪಕಾರವನ್ನು ಸಣ್ಣದೆಂದು ನಾನು ಹೇಳಲಾರೆ. ಅವರು ಬಾರದಿದ್ದರೆ ಅನೇಕ ಗುಡಿಗಳ ಕಲ್ಲುಗಳು ಇಂದು ಹೊಲದ ಒಡ್ಡುಗಳಲ್ಲಿ ಇರುತ್ತಿದ್ದವು. ಆದರೆ ಅವರು ಬರುವ ತನಕ, ಶತಮಾನಗಳ ಕಾಲ, ಆ ಮಾಡುಗಳನ್ನು ಸೋರದಂತೆ ನೋಡಿಕೊಂಡವರು, ಗೋಡೆಯ ಸಂದಿನಲ್ಲಿ ಹುಟ್ಟಿದ ಅರಳೀಗಿಡವನ್ನು ಕಿತ್ತವರು ಯಾರು? ಮನೆಯಲ್ಲಿ ವಾಸವಿದ್ದವನೇ ತಾನೆ! ಲಾಡಖಾನನಿಗೆ ಆ ಗುಡಿಯು ತನ್ನ ಹೆಸರನ್ನು ಕೊಟ್ಟುದು ಉಚಿತವೇ ಆಗಿದೆ ಎಂದು ಈಗ ಆ ಹುಡುಗನಿಗೆ ಹೇಳಬಲ್ಲೆ.

ದೇವರ ಸ್ಥಾನಕ್ಕೂ ಮನುಷ್ಯನ ಮನೆಗೂ ಇರುವ ಈ ನಂಟು ನಮ್ಮ ಮಾತಿನಲ್ಲಿಯೇ ಅಡಗಿದೆ. ಗುಡಿ, ಗುಡಿಸಲು ಒಂದೇ ಬೇರಿನ ಮಾತುಗಳು. ಬಸದಿಯೆಂದರೆ ವಸತಿ, ವಾಸದ ತಾಣ. ಐಹೊಳೆಯ ಮೇಗುಟಿಯಲ್ಲಿ ಕ್ರಿ. ಶ. 634ರಲ್ಲಿ ರವಿಕೀರ್ತಿಯು ತಾನು ಕಟ್ಟಿಸಿದ ಜಿನಾಲಯವನ್ನು ಶಾಸನದಲ್ಲಿ ಹೆಸರಿಸುವಾಗ ಉಪಯೋಗಿಸಿದ ‘ವೇಶ್ಮ’ ಎಂಬ ಸಂಸ್ಕೃತ ಶಬ್ದಕ್ಕೂ ಮನೆಯೆಂದೇ ಅರ್ಥ. ಕರಾವಳಿಯ ನಮ್ಮ ಬಾಂಧವರು ಬಳಸುವ ಇಗರ್ಜಿಯೆಂಬ ಮಾತಾದರೋ ಪೋರ್ತುಗೀಜರ ಮೂಲಕ ಬಂದದ್ದು. ಅದರ ಮೂಲವಾದ ಗ್ರೀಕ್ ಶಬ್ದಕ್ಕೆ ಕಟ್ಟಡವೆಂಬ ಅರ್ಥವೇ ಇಲ್ಲ, ಕೂಡಿದ ಜನವೆಂದು ಅರ್ಥ. ಮೊದಲನೆಯ ಕ್ರೈಸ್ತರು ಒಬ್ಬರಿನ್ನೊಬ್ಬರ ಮನೆಗಳಲ್ಲಿ ಕೂಡುತ್ತಿದ್ದರು. ಸಿರಿಯಾ ದೇಶದ ದೂರಾ ಯುರೋಪೋಸ್ ಎಂಬಲ್ಲಿ, ಮೂರನೆಯ ಶತಮಾನದಲ್ಲಿ ಒಂದು ಸಾಧಾರಣ ವಾಸದ ಮನೆಯ ಎರಡು ಕೋಣೆಗಳ ನಡುವಿನ ಗೋಡೆಯನ್ನು ತೆಗೆದು ಪ್ರಾರ್ಥನಾಗೃಹವನ್ನಾಗಿ ಮಾಡಿದ್ದು ಉತ್ಖನನದಲ್ಲಿ ದೊರೆತಿದೆ. ನಮ್ಮ ದೊಡ್ಡ ದೇವಾಲಯಗಳಿಗೆ ಹೇಳುವ ಬಸಿಲಿಕವೆಂಬ ಹೆಸರು ಕೂಡ ರೋಮನರ ನ್ಯಾಯಾಲಯ, ವ್ಯಾಪಾರಗಳ ಸಾರ್ವಜನಿಕ ಮಂದಿರದಿಂದ ಬಂದದ್ದು. ರೋಮಿನಲ್ಲಿ ಸಕಲ ದೇವತೆಗಳ ಹೆಸರಿನ ಪ್ಯಾಂಥಿಯನ್ ಮಂದಿರವನ್ನು ಕ್ರಿ. ಶ. 609ರಲ್ಲಿ ವಿಶ್ವಗುರು ನಾಲ್ಕನೆಯ ಬೊನಿಫಾಸರು ಮಾತೆ ಮರಿಯಮ್ಮನವರಿಗೂ ರಕ್ತಸಾಕ್ಷಿಗಳಿಗೂ ಅರ್ಪಿಸಿದರು. ಹಾಗೆ ಒಕ್ಕಲು ಸಿಕ್ಕಿತೆಂದೇ ಅದು ಉಳಿಯಿತು. ಒಕ್ಕಲಿಲ್ಲದೆ ಬಿದ್ದ ಸುತ್ತಲಿನ ಮಂದಿರಗಳ ಅಮೃತಶಿಲೆ ಸುಣ್ಣದ ಭಟ್ಟಿಗಳಿಗೆ ಹೋಯಿತು. ಹದಿನೇಳನೆಯ ಶತಮಾನದಲ್ಲಿ ಇನ್ನೊಬ್ಬ ವಿಶ್ವಗುರುಗಳೇ ಅದರ ಮುಖಮಂಟಪದ ಕಂಚನ್ನು ತೆಗೆಸಿ ತೋಪುಗಳಿಗೆ ಕೊಟ್ಟರೆಂಬುದನ್ನೂ ಮುಚ್ಚಿಡಬಾರದು.

ನಮ್ಮ ಸೀಮೆಗೇ ಮರಳೋಣ. ಐಹೊಳೆಯ ಒಕ್ಕಲುಗಳು ಬಡವರು. ವಿಜಾಪುರದಲ್ಲಿ ಒಕ್ಕಲಾಗಿ ಬಂದದ್ದು ಸರಕಾರವೇ. ಇಂದಿನ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಭಾಗವು ಬ್ರಿಟಿಷರ ಕಾಲದಲ್ಲಿ ಕಲಾದಗಿ ಜಿಲ್ಲೆಯೆಂದು ಕರೆಯಿಸಿಕೊಳ್ಳುತ್ತಿತ್ತು. ಘಟಪ್ರಭೆಯ ದಂಡೆಯ ಮೇಲಿನ ಆ ಚಿಕ್ಕ ಊರಿನಲ್ಲಿ ಕಲೆಕ್ಟರ ಕಚೇರಿ, ದಂಡು, ಬಂಗಲೆಗಳು ಇದ್ದವು. ಹೋಟಗಿಯಿಂದ ಗದಗಿಗೆ ಬರುವ ಉಗಿಬಂಡಿಯ ದಾರಿಯು 1884ರಲ್ಲಿ ವಿಜಾಪುರದ ಮೇಲಿಂದ ಹಾಯಿತು. ಮರುವರ್ಷ 1885ರಲ್ಲಿ ಜಿಲ್ಲೆಯ ಮುಖ್ಯಸ್ಥಾನವೂ ಕಲಾದಗಿಯನ್ನು ಬಿಟ್ಟು ವಿಜಾಪುರಕ್ಕೆ ಹೋಯಿತು. ಕಲಾದಗಿಗೆ ಆದ ಹಾನಿ ಅಷ್ಟಿಷ್ಟಲ್ಲ. ಕಚೇರಿ ಹೋದ ಮೇಲೆ ವಕೀಲರು, ಗುಮಾಸ್ತರು, ಅಂಗಡಿಕಾರರು ಹೋದರು. ಇಂದು ಆ ಹೆಸರನ್ನು ಕೇಳಿದರೆ ಜನಕ್ಕೆ ನೆನಪಾಗುವುದು ದಾಳಿಂಬೆ ಹಣ್ಣು.

ಇತ್ತ ವಿಜಾಪುರದಲ್ಲಿ 1686ರಲ್ಲಿ ಆದಿಲಶಾಹಿಯು ಮುಗಿದ ಮೇಲೆ ಎರಡು ಶತಮಾನ ಬರಿದಾಗಿ ನಿಂತಿದ್ದ ಮಹಲುಗಳಿಗೆ ಹೊಸ ಒಕ್ಕಲುಗಳು ಬಂದರು. ಹೊಸ ಕಟ್ಟಡಗಳಿಗೆ ಹಣ ಸುರಿಯುವುದಕ್ಕಿಂತ ಹಳೆಯ ಮಹಲುಗಳನ್ನು ರಿಪೇರಿ ಮಾಡುವುದು ಅಗ್ಗವೆಂದು ಸರಕಾರವು ಕಂಡುಕೊಂಡಿತು. ಎರಡನೆಯ ಇಬ್ರಾಹಿಂ ಆದಿಲಶಾಹನು ಸಂಗೀತ ವಿನೋದಗಳಿಗೆ ಹೆಸರಾದವನು. ಅವನ ಆನಂದ ಮಹಲಿನಂಥ ಕಟ್ಟಡಗಳಲ್ಲಿ ಸಾಹೇಬರ ಬಿಡಾರ, ಕಾಗದಪತ್ರಗಳ ಕಪಾಟುಗಳು ಬಂದವು. ಒಂದು ಮಸೀದಿಯಲ್ಲಿ ಅಂಚೆ ಕಚೇರಿ ನಡೆಯಿತು. ಇನ್ನೊಂದರಲ್ಲಿ ಪ್ರವಾಸಿಗಳ ಬಂಗಲೆ. ಪಾದರಕ್ಷೆಗಳನ್ನು ಹೊರಗೆ ಬಿಟ್ಟು ಜನರು ಮಣಿಯುತ್ತಿದ್ದಲ್ಲಿ ಬೂಟುಗಾಲಿನವರು ಕುರ್ಚಿ ಹಾಕಿಕೊಂಡು ಉಂಡರು. ಇದರಲ್ಲಿ ದುರುದ್ದೇಶವಿತ್ತೆಂದು ನನಗೆ ತೋರುವುದಿಲ್ಲ, ಬರಿಯ ಅಲಕ್ಷ್ಯವಿತ್ತು. ಆದರೆ ನೊಂದವರಿಗೆ ಎರಡೂ ಅಷ್ಟೇ. ವೈಸರಾಯ್ ಲಾರ್ಡ್ ಕರ್ಜನನ (1899–1905) ಆಡಳಿತದ ಎಷ್ಟೋ ಸಂಗತಿಗಳನ್ನು ನಾವು ಮೆಚ್ಚಲಾರೆವು. ಆದರೂ ವಿಜಾಪುರದ ಈ ಎರಡು ಮಸೀದಿಗಳಿಂದ ಅಂಚೆಯವರನ್ನೂ ಪ್ರವಾಸಿ ಬಂಗಲೆಯನ್ನೂ ಹೊರಗೆ ಹಾಕಿಸಿದ ಶ್ರೇಯಸ್ಸು ಅವನದು. 1904ರ ಪ್ರಾಚೀನ ಸ್ಮಾರಕಗಳ ಸಂರಕ್ಷಣೆಯ ಕಾಯದೆಯೂ ಅವನ ಕಾಲದ್ದೇ.

ಎಲ್ಲ ಬದಲಾವಣೆಯೂ ಅಪಚಾರವಲ್ಲ. ಗೋಳಗುಮ್ಮಟದ ಮುಂದಿನ ನಗಾರಿಖಾನೆಯಲ್ಲಿ 1892ರಿಂದ ವಸ್ತುಸಂಗ್ರಹಾಲಯವಿದೆ. ನಗಾರಿಯ ಸದ್ದು ನಿಂತ ಮನೆಯಲ್ಲಿ ಶಾಸನದ ಕಲ್ಲುಗಳು ಮಾತನಾಡುತ್ತಿವೆ. ಅಸಾರ ಮಹಲನ್ನು ಮಹಮ್ಮದ ಆದಿಲಶಾಹನು ನ್ಯಾಯದಾನದ ಮಂದಿರವೆಂದು ಹದಿನೇಳನೆಯ ಶತಮಾನದ ನಡುವಿನಲ್ಲಿ ಕಟ್ಟಿಸಿದನು. ಮುಂದೆ ಅದು ಪ್ರವಾದಿಯವರ ಪವಿತ್ರ ಕೇಶವನ್ನು ಇಟ್ಟು ಗೌರವಿಸುವ ಸ್ಥಾನವಾಯಿತು. ಧಾರವಾಡದಲ್ಲಿ ದಕ್ಷಿಣ ಮರಾಠಾ ರೈಲ್ವೆ ಕಂಪನಿಯ ಮುಖ್ಯ ಕಚೇರಿಯಿದ್ದ ಭವ್ಯ ಕಟ್ಟಡವು ಕಂಪನಿಯು ಬೇರೊಂದರಲ್ಲಿ ಸೇರಿಹೋದ ಮೇಲೆ ಬರಿದಾಗಿ, 1917ರಲ್ಲಿ ಆರಂಭವಾದ ಕರ್ನಾಟಕ ಕಾಲೇಜಿಗೆ ದೊರೆಯಿತು. ಈ ಭಾಗದ ಎಷ್ಟು ತಲೆಮಾರುಗಳು ಅಲ್ಲಿ ವಿದ್ಯಾವಂತರಾದವು! ಟಿಕೆಟ್ಟಿನ ಲೆಕ್ಕ ಬರೆಯುತ್ತಿದ್ದ ಕೋಣೆಗಳಲ್ಲಿ ಪಂಪ, ಷೇಕ್ಸ್‌ಪಿಯರರ ಪಾಠಗಳು ನಡೆದವು.

ಒಂದು ವ್ಯತ್ಯಾಸವನ್ನು ಮಾತ್ರ ವಾಚಕರು ಗಮನಿಸಬೇಕು. ವಿಜಾಪುರದ ಮಹಲುಗಳಲ್ಲಿ ಬಾಳಿ ಹೋದ ಆ ಕಲೆಕ್ಟರರ, ಇಂಜಿನಿಯರರ ಹೆಸರುಗಳನ್ನು ಇಂದು ಯಾರೂ ಬಲ್ಲವರಿಲ್ಲ. ಮಹಲುಗಳು ತಮ್ಮ ಹಳೆಯ ಹೆಸರುಗಳನ್ನೇ ಉಳಿಸಿಕೊಂಡಿವೆ. ಐಹೊಳೆಯಲ್ಲಿ ಬಡಿಗ, ಅಂಬಿಗ, ಲಾಡಖಾನರ ಹೆಸರುಗಳು ಉಳಿದು ಅರಸರ ಹೆಸರುಗಳು ಹೋದವು. ಹುಕುಮಿನಿಂದ ಬಂದು ಹುಕುಮಿನಿಂದ ಎದ್ದು ಹೋದ ಒಕ್ಕಲಿಗೂ, ಬೇರೆ ಗತಿಯಿಲ್ಲದೆ ಬಂದು ಅಲ್ಲಿಯೇ ಹುಟ್ಟಿ ಸತ್ತ ಒಕ್ಕಲಿಗೂ ಊರಿನ ನಾಲಗೆಯು ಭೇದ ಮಾಡಿದೆ.

ಪರರ ವಿಷಯವನ್ನು ಇಷ್ಟು ಹೇಳಿದ ಮೇಲೆ ನಮ್ಮದನ್ನೂ ಹೇಳಬೇಕಾಗುತ್ತದೆ. ಮಡಿಕೇರಿಯ ಕೋಟೆಯೊಳಗೆ ಲಿಂಗರಾಜೇಂದ್ರನ ಅರಮನೆಯು ಕೊಡಗು ಬ್ರಿಟಿಷರ ವಶವಾದ ಮೇಲೆ ಸರಕಾರದ ಕಚೇರಿಯಾಗಿ ಬಹುಕಾಲ ನಡೆಯಿತು. ಅದೇ ಕೋಟೆಯಲ್ಲಿ ವೀರಭದ್ರನ ಗುಡಿಯೊಂದಿತ್ತು. ಅದನ್ನು ತೆಗೆದು ಆ ಸ್ಥಳದಲ್ಲಿ ಬ್ರಿಟಿಷರು 1855ರಲ್ಲಿ ಸಂತ ಮಾರ್ಕರ ಹೆಸರಿನ ಆಂಗ್ಲಿಕನ್ ಚರ್ಚನ್ನು ಕಟ್ಟಿದರು. ದೊರೆಗಳು ಹೋದ ಮೇಲೆ ಅಲ್ಲಿ ಪೂಜಿಸುವವರು ಕಡಿಮೆಯಾಗಿ ಚರ್ಚು ಮುಚ್ಚಿತು. ಈಗ ಅದು ರಾಜ್ಯ ಸರಕಾರದ ವಸ್ತುಸಂಗ್ರಹಾಲಯ. ಅದು ನಮ್ಮ ಕಥೋಲಿಕ ಸಭೆಯದಲ್ಲವೆಂದು ಕೈತೊಳೆದುಕೊಳ್ಳುವುದು ಸುಲಭ. ನಾನು ಅಲ್ಲಿಗೆ ಹೋದಾಗ ಬಣ್ಣದ ಗಾಜಿನ ಕಿಟಕಿಯಿಂದ ಬಿದ್ದ ಬೆಳಕು ಹಳೆಯ ವಿಗ್ರಹಗಳ ಮೇಲೆ ಹರಡಿತ್ತು. ತಮ್ಮ ಗುಡಿಯಿದ್ದ ಜಾಗಕ್ಕೆ ದೇವರುಗಳು ಕಾಣಿಕೆದಾರರಾಗಿಯಲ್ಲ, ಕಾಣತಕ್ಕ ವಸ್ತುಗಳಾಗಿ ಮರಳಿ ಬಂದಿದ್ದರು. ನಾನು ಶಿಲುಬೆಯ ಗುರುತನ್ನು ಮಾಡಲು ಎತ್ತಿದ ಕೈಯನ್ನು ಏಕೋ ಅರ್ಧಕ್ಕೆ ಇಳಿಸಿದೆ.

ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯ ಚರ್ಚಾದರೋ ನಮ್ಮದೇ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಗುರುಗಳು ಕಟ್ಟಿಸಿದ ಆ ದೇವಾಲಯದ ಭಕ್ತರು, ಹೇಮಾವತಿ ನದಿಗೆ ಗೊರೂರಿನಲ್ಲಿ ಅಣೆಕಟ್ಟು ಬಂದಾಗ ಊರು ಬಿಡಬೇಕಾಯಿತು. ಮಳೆಗಾಲದಲ್ಲಿ ನೀರು ಒಳಗೆ ನಿಲ್ಲುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಮಾಡು ಹೋಗಿ ಕಮಾನುಗಳು ಉಳಿದಿವೆ. ಜನರು ದೂರದೂರದಿಂದ ಬಂದು ಅದರ ಮುಂದೆ ಚಿತ್ರ ತೆಗೆಯಿಸಿಕೊಳ್ಳುತ್ತಾರೆ. ಮುಳುಗಡೆಯೆಂದರೆ ಏನೆಂದು ನಮ್ಮ ಬಾಗಲಕೋಟೆಯವರಿಗೆ ವಿವರಿಸುವ ಅವಶ್ಯಕತೆಯಿಲ್ಲ. ಆಲಮಟ್ಟಿಯ ಹಿನ್ನೀರು ಬಂದಾಗ ಹಳೆಯ ಪೇಟೆಯ ಎಷ್ಟೋ ವಾಡೆಗಳ ತೊಲೆ, ಬಾಗಿಲು, ಚೌಕಟ್ಟುಗಳನ್ನು ಬಿಚ್ಚಿ ಬಂಡಿಗಳಲ್ಲಿ ಹೇರಿಕೊಂಡು ಹೋದುದನ್ನು ಕಂಡವರು ನಮ್ಮ ನಡುವೆಯೇ ಇದ್ದಾರೆ. ಅಜ್ಜನ ಕಾಲದ ಕೆತ್ತನೆಯ ಬಾಗಿಲು ನವನಗರದ ಸಿಮೆಂಟಿನ ಗೋಡೆಗೆ ಅಳತೆಗೆ ಕೂಡದೆ, ಮೇಲೆ ಒಂದು ಗೇಣು ಕೊಯ್ಯಿಸಿಕೊಂಡು ನಿಂತಿರುವುದನ್ನು ನಾನೇ ಒಬ್ಬರ ಮನೆಯಲ್ಲಿ ಕಂಡಿದ್ದೇನೆ.

ಇನ್ನು ನನ್ನದೇ ಒಂದು ತಪ್ಪನ್ನು ನಿವೇದಿಸಬೇಕು. ಗುರುದೀಕ್ಷೆಯಾಗಿ ಬಹಳ ವರ್ಷಗಳೇನೂ ಆಗಿರಲಿಲ್ಲ. ಒಂದು ಹಳ್ಳಿಯ ಧರ್ಮಕೇಂದ್ರಕ್ಕೆ ನನ್ನನ್ನು ಕಳಿಸಲಾಗಿತ್ತು. ಚರ್ಚಿನ ಆವಾರದಲ್ಲಿ ಮಣ್ಣಿನ ಗೋಡೆಯ, ಮೇಲ್ಮುದ್ದೆಯ ಒಂದು ಮನೆಯಿತ್ತು. ಒಂದು ಕಾಲಕ್ಕೆ ಉಪದೇಶಿಯವರು ವಾಸವಿದ್ದರಂತೆ. ನಾನು ಹೋದಾಗ ಅದರಲ್ಲಿ ಕಟ್ಟಿಗೆ, ಒಡೆದ ಬೆಂಚುಗಳು, ಮಳೆ ಬಂದರೆ ನೆರೆಯವರ ಆಡುಗಳು ಇರುತ್ತಿದ್ದವು. ಸಭಾಭವನ ಕಟ್ಟಬೇಕೆಂಬ ಹುರುಪು ನನಗೆ. ಹಿರಿಯರ ಸಮಿತಿಯಲ್ಲಿ ಯಾರೂ ಬೇಡವೆನ್ನಲಿಲ್ಲ. ಗುರುಗಳ ಮಾತಿಗೆ ಬೇಡವೆನ್ನುವ ರೂಢಿಯೂ ಆಗ ಇರಲಿಲ್ಲ. ಮೂರು ದಿನಗಳಲ್ಲಿ ಮನೆ ನೆಲಸಮವಾಯಿತು. ಮೂರನೆಯ ದಿನ ಸಂಜೆ ಒಬ್ಬ ಮುದುಕಿ ಬಂದು ಹೊಸ್ತಿಲಿನ ಕಟ್ಟಿಗೆಯನ್ನು ಕೇಳಿದರು. ಉರುವಲಿಗೆ ಇರಬೇಕೆಂದು, “ತಗೊಂಡು ಹೋಗಬೇ ಅವ್ವಾ, ಇನ್ನೂ ಬೇಕಾದ್ರ ತಗೋ” ಎಂದೆ. ಆಕೆ ಸೆರಗಿನಿಂದ ಅದರ ಮಣ್ಣನ್ನು ಒರೆಸುತ್ತ ಹೇಳಿದರು: “ಉರವಲಕ್ಕಲ್ರಿ ಸ್ವಾಮಿ. ದೊಡ್ಡ ಗುಡಿ ಕಟ್ಟೂಕಿಂತ ಮೊದಲ ಇದ ನಮ್ಮ ಗುಡಿ ಇತ್ತರಿ. ನನಗ ನೀರ ಹಾಕಿದ್ದು ಈ ಪಡಸಾಲ್ಯಾಗ.”

ಆ ರಾತ್ರಿ ಹಳೆಯ ಜ್ಞಾನಸ್ನಾನದ ದಫ್ತರನ್ನು ತೆಗೆದು ನೋಡಿದೆ. ಆಕೆಯ ಮಾತು ನಿಜವಾಗಿತ್ತು. ಊರಿನ ಮೊದಲನೆಯ ವಿಶ್ವಾಸಿಗಳೆಲ್ಲ ಆ ಮಣ್ಣಿನ ಮನೆಯಲ್ಲಿಯೇ ಹೊಸ ಹುಟ್ಟು ಪಡೆದವರು. ದಫ್ತರು ನನ್ನ ಕಪಾಟಿನಲ್ಲಿಯೇ ಇತ್ತು; ಕೆಡವುವ ಮೊದಲು ಓದಬೇಕೆಂದು ನನಗೆ ತೋಚಿರಲಿಲ್ಲ. ಸಭಾಭವನವು ಚೆನ್ನಾಗಿಯೇ ಆಯಿತು, ಈಗಲೂ ಮದುವೆಗಳು ನಡೆಯುತ್ತವೆ. ಆ ಹೊಸ್ತಿಲು ಆಕೆಯ ಮನೆಯಲ್ಲಿ ಎಲ್ಲಿಯಾದರೂ ಇರಬಹುದು, ಇಲ್ಲವೆ ಆಕೆಯ ನಂತರ ಒಲೆಗೆ ಹೋಗಿರಬಹುದು.

ಈ ಕಾರಣದಿಂದಲೇ, ನಮ್ಮ ದೇವಾಲಯದ ಹಿಂಬದಿಯ ಹಂಚಿನ ಕೋಣೆಯನ್ನು ಶತಮಾನೋತ್ಸವದ ಮಂಟಪಕ್ಕಾಗಿ ಕೆಡವಬೇಕೆಂಬ ಸೂಚನೆಯು ಸಮಿತಿಯಲ್ಲಿ ಬಂದಾಗ ನಾನು ಸ್ವಲ್ಪ ತಡೆಯಿರೆಂದು ಕೇಳಿಕೊಂಡದ್ದು. ಕೆಲವು ಯುವಕರಿಗೆ ಇದರಿಂದ ಬೇಸರವಾಗಿದೆಯೆಂದು ಬಲ್ಲೆ. ಕೋಣೆಯ ಜಂತಿಗಳನ್ನು ಗೆದ್ದಲು ಹಿಡಿದಿದೆ, ನಿಜ. ಆದರೆ ಅಲ್ಲಿ ಸಂಜೆಯ ಹೊತ್ತು ಪರೀಕ್ಷೆಗೆ ಓದುವ ಹೆಣ್ಣುಮಕ್ಕಳು ಕೂಡುತ್ತಾರೆ. ಮನೆಯಲ್ಲಿ ಮಗ್ಗದ ಸದ್ದು, ಟಿ.ವಿ.ಯ ಸದ್ದು, ಕೂಡಲು ಜಾಗವಿಲ್ಲ. ಅವರನ್ನು ಎಬ್ಬಿಸುವ ಮೊದಲು ಅವರಿಗೆ ಬೇರೆ ತಾಣ ತೋರಿಸಬೇಕು. ದಫ್ತರುಗಳನ್ನು ಓದಬೇಕು, ಮುದುಕರನ್ನು ಕೇಳಬೇಕು. ಆಮೇಲೆಯೂ ಕೆಡವಲೇಬೇಕಾಗಿ ಬಂದರೆ ಹಾಗೆಯೇ ಆಗಲಿ.

ಐಹೊಳೆಯ ಜನರ ಮುಂದೆಯೂ ಇಂಥದೇ ಪ್ರಶ್ನೆ ಬಹಳ ದಶಕಗಳಿಂದ ನಿಂತಿದೆ. ಗುಡಿಗಳೊಳಗಿನ ಒಕ್ಕಲುಗಳು ಎದ್ದು ಎಷ್ಟೋ ಕಾಲವಾಯಿತು; ಈಗ ಗುಡಿಗಳ ನಡುವಿನ ಊರನ್ನೇ ಸ್ಥಳಾಂತರಿಸುವ ಮಾತು. ಸಂರಕ್ಷಿತ ಸ್ಮಾರಕದಿಂದ ನೂರು ಮೀಟರಿನೊಳಗೆ ಹೊಸ ಕಟ್ಟಡ ಕೂಡದು, ಮತ್ತೆ ಇನ್ನೂರು ಮೀಟರಿನವರೆಗೆ ಅಪ್ಪಣೆಯಿಲ್ಲದೆ ಕೂಡದೆಂದು 2010ರಲ್ಲಿ ತಿದ್ದಿದ ಕಾಯದೆಯು ಹೇಳುತ್ತದೆ. ಹೆಜ್ಜೆಗೊಂದು ಗುಡಿಯಿರುವ ಊರಿನಲ್ಲಿ ನೂರು ಮೀಟರೆಂದರೆ ಊರೇ ಆಯಿತು. ಮಗನ ಮದುವೆಗೆ ಒಂದು ಕೋಣೆ ಏರಿಸುವಂತಿಲ್ಲ. ಸ್ಥಳಾಂತರವು ಆಗುವುದೂ ಇಲ್ಲ, ಬಿಡುವುದೂ ಇಲ್ಲ. ಗುಡಿಗಳು ಜಗತ್ತಿಗೇ ಸೇರಿದ ಸಂಪತ್ತು. ಅವು ಉಳಿಯಬೇಕೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಸಂಪತ್ತಿನ ಕಾವಲಿಗೆ ತಲೆತಲಾಂತರ ಕೂತವರ ಮೊಮ್ಮಕ್ಕಳಿಗೆ, ಹೊಸ ತಾಣವನ್ನು ಕೊಡುವ ಮೊದಲೇ ಹಳೆಯದರಲ್ಲಿ ಬಾಳಲಾಗದಂತೆ ಮಾಡುವುದು ನ್ಯಾಯವೆಂದು ನನ್ನ ಮನಸ್ಸಿಗೆ ಒಪ್ಪುವುದಿಲ್ಲ.

ಕೆರೂರಿನಲ್ಲಿ ಕಾಯದೆಯ ತೊಡಕೇನೂ ಇಲ್ಲ. ಇಲ್ಲಿ ಮನೆಗಳು ತಾವಾಗಿಯೇ ಬದಲಾಗುತ್ತಿವೆ. ಇದು ಗುಳೇದಗುಡ್ಡದಂತೆ ನೇಕಾರರ ಊರು. ನೇಕಾರನ ಮನೆಯೆಂದರೆ ಮನೆಯೂ ಹೌದು, ಕಾರ್ಖಾನೆಯೂ ಹೌದು. ಪಡಸಾಲೆಯ ನೆಲದಲ್ಲಿ ಕುಣಿ ತೋಡಿ ಮಗ್ಗ ಹೂಡುತ್ತಿದ್ದರು. ನೇಯುವವನು ಕುಣಿಯ ಅಂಚಿನ ಮೇಲೆ ಕುಳಿತು, ಕಾಲುಗಳನ್ನು ಕೆಳಗೆ ಬಿಟ್ಟು ಹಲಗೆಗಳನ್ನು ತುಳಿಯುತ್ತಿದ್ದನು. ಬೆಳಕು ಎಲ್ಲಿ ಬೀಳುತ್ತದೆಂದು ನೋಡಿ ಮಗ್ಗದ ಜಾಗವನ್ನು ಗೊತ್ತುಮಾಡುತ್ತಿದ್ದರು. ಉಳಿದ ಮನೆ, ಅಂದರೆ ಅಡಿಗೆ, ದೇವರು, ಬಾಣಂತಿ, ಎಲ್ಲವೂ ಮಗ್ಗದ ಸುತ್ತ ಹೊಂದಿಕೊಳ್ಳಬೇಕು. ವಿದ್ಯುತ್ ಮಗ್ಗಗಳು ಬಂದ ಮೇಲೆ ಕುಣಿ ಬೇಡವಾಯಿತು. ಅವಕ್ಕೆ ಸಮನೆಲ ಬೇಕು. ಕುಣಿಗಳನ್ನು ತುಂಬಿ ಫರಸಿ ಹಾಕಿದರು. ಹೆದ್ದಾರಿಯ ಕಡೆಗೆ ಮುಖವಿದ್ದ ಮನೆಗಳ ಪಡಸಾಲೆಗಳು ಕಿರಾಣಿ ಅಂಗಡಿ, ಚಹದ ಅಂಗಡಿ, ಮೊಬೈಲ್ ರಿಪೇರಿಯ ಅಂಗಡಿಗಳಾದವು.

ಕಳೆದ ಬೇಸಿಗೆಯಲ್ಲಿ ಈ ಲೇಖನಕ್ಕಾಗಿಯೇ ಅಂಥ ಒಂದು ಮನೆಗೆ ಹೋಗಿದ್ದೆ. ಯಜಮಾನರು ನನಗಿಂತ ಹಿರಿಯರು. ಮಗ್ಗ ಬಿಟ್ಟು ಹತ್ತು ವರ್ಷವಾಯಿತೆಂದರು. ಪಡಸಾಲೆಯಲ್ಲಿ ಈಗ ಮಗ ಹಿಟ್ಟಿನ ಗಿರಣಿ ನಡೆಸುತ್ತಾನೆ. ಗಿರಣಿಯ ಒತ್ತಿಗೆ ನೆಲದ ಮೇಲೆ ಮೂರು ಹಲಗೆಗಳು ಕಂಡವು. ಕುಣಿಯನ್ನು ತುಂಬಿಸಲಿಲ್ಲವೇಕೆಂದು ಕೇಳಿದೆ. ಅವರು ಒಂದು ಹಲಗೆಯನ್ನು ಸರಿಸಿ ತೋರಿಸಿದರು. ಕೆಳಗೆ ಉಳ್ಳಾಗಡ್ಡಿಯ ಚೀಲಗಳಿದ್ದವು.

“ತಂಪ ಇರತೈತ್ರಿ ಫಾದರ್, ಕೆಡೂದಿಲ್ಲ” ಎಂದರು. ಸ್ವಲ್ಪ ತಡೆದು, ಹಲಗೆಯನ್ನು ಮೊದಲಿನಂತೆ ಇಡುತ್ತ, “ಮತ್ತ ನಮ್ಮಪ್ಪ ತೋಡಿದ್ದರಿ ಅದು” ಎಂದರು.